ಮೇಲಕ್ಕೆ ಹಾರಿದ ಲೀ ಮೇಜರ್ಸ್, ಕೆಳಗೆ ಬಿದ್ದವರು

(ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಅಪಘಾತದಿಂದ ಮಾತು ಶುರು ಮಾಡುತ್ತೇನೆ. 1967ರ ಮೇ 10. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಎಡ್ವರ್ಡ್ಸ್ ವಾಯುನೆಲೆ. ಒಣಗಿ ಬಿರುಕು ಬಿಟ್ಟ ಕೆರೆಯಂಗಳವೇ ಅಲ್ಲಿ ರನ್‌ವೇ. ನಾಸಾದ ಪ್ರಾಯೋಗಿಕ ವಿಮಾನವೊಂದು ಇಳಿಯುತ್ತಿದೆ. ಹೆಸರು ಎಂ2-ಎಫ್2. ಅದಕ್ಕೆ ರೆಕ್ಕೆಗಳಿಲ್ಲ, ದೋಣಿಯನ್ನು ಅರ್ಧಕ್ಕೆ ಕತ್ತರಿಸಿದಂತಿರುವ ಒಡಲಷ್ಟೇ. ಒಳಗಿರುವ ಪೈಲಟ್ ಬ್ರೂಸ್ ಪೀಟರ್ಸನ್. ವಿಮಾನ ಹೊಯ್ದಾಡುತ್ತದೆ, ಹೇಗೋ ಸರಿಹೋಗುತ್ತದೆ, ಆದರೆ ಚಕ್ರಗಳು ಪೂರ್ತಿ ಇಳಿದು ಗಟ್ಟಿಯಾಗಿ ನಿಲ್ಲುವ ಮೊದಲೇ ನೆಲ ಮುಟ್ಟಿಬಿಡುತ್ತದೆ. ಗಂಟೆಗೆ 250 ಮೈಲಿಗೂ ಮೀರಿದ ವೇಗದಲ್ಲಿ ಆರು ಸುತ್ತು ಉರುಳಿ ಧೂಳಿನಲ್ಲಿ ಮಾಯವಾಗುತ್ತದೆ. ಪೀಟರ್ಸನ್ ಬದುಕಿದರು. ಮುಖಕ್ಕೆ ಒಂದರ ಮೇಲೊಂದು ಶಸ್ತ್ರಚಿಕಿತ್ಸೆ ನಡೆದವು. ಆಮೇಲೆ ಸೋಂಕು ತಗುಲಿ ಒಂದು ಕಣ್ಣಿನ ದೃಷ್ಟಿ ಹೋಯಿತು.

ಈ ಅಪಘಾತ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಏಳು ವರ್ಷದ ನಂತರ ಅದೇ ತುಣುಕು ಅಮೆರಿಕದ ಎಬಿಸಿ ವಾಹಿನಿಯಲ್ಲಿ ವಾರವಾರವೂ ಕಾಣಿಸತೊಡಗಿತು, ಒಂದು ಧಾರಾವಾಹಿಯ ಟೈಟಲ್‌ನಲ್ಲಿ. ಉರುಳುವುದು ಪೀಟರ್ಸನ್ ಅವರ ವಿಮಾನ. ಆಸ್ಪತ್ರೆಯ ಮೇಜಿನ ಮೇಲೆ ಮಲಗಿರುವ ಮುಖ ಮಾತ್ರ ನಟನದು. ಇವನನ್ನು ಮತ್ತೆ ಕಟ್ಟಬಹುದು, ಮೊದಲಿಗಿಂತ ಗಟ್ಟಿಯಾಗಿ ಕಟ್ಟಬಹುದು ಎಂದು ಹಿನ್ನೆಲೆಯಲ್ಲಿ ಒಂದು ದನಿ ಹೇಳುತ್ತದೆ. ಧಾರಾವಾಹಿ ‘ದಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್’. ನಟ ಲೀ ಮೇಜರ್ಸ್.

ಇವತ್ತು ನಾನು ಮಾತಾಡುವುದು ಲೀ ಮೇಜರ್ಸ್ ಬಗ್ಗೆ. ಆದರೆ ಅವರ ಕಥೆಯ ಉದ್ದಕ್ಕೂ ಇನ್ನೊಬ್ಬರು ಯಾರೋ ಬೀಳುತ್ತಲೇ ಇರುತ್ತಾರೆ. ಅವರನ್ನು ಬಿಟ್ಟು ಸಾಹಸ ನಾಯಕನೊಬ್ಬನ ಕಥೆ ಹೇಳಿದರೆ ಅದು ಅರ್ಧ ಕಥೆ ಎಂದೇ ನನ್ನ ಭಾವನೆ.

ಹುಟ್ಟಿದ್ದು 1939ರ ಏಪ್ರಿಲ್ 23ರಂದು, ಮಿಷಿಗನ್‌ನ ವಯಾಂಡಾಟ್‌ನಲ್ಲಿ. ಇಟ್ಟ ಹೆಸರು ಹಾರ್ವಿ ಲೀ ಯೇರಿ. ಮಗ ಹುಟ್ಟುವ ಮೊದಲೇ ತಂದೆ ಕೆಲಸದ ಸ್ಥಳದ ಅವಘಡದಲ್ಲಿ ತೀರಿಕೊಂಡಿದ್ದರು. ಮಗುವಿಗೆ ಒಂದೂವರೆ ವರ್ಷ ತುಂಬುವ ಮೊದಲೇ, ಕುಡಿದು ಕಾರು ಓಡಿಸುತ್ತಿದ್ದವನೊಬ್ಬ ತಾಯಿಗೆ ಡಿಕ್ಕಿ ಹೊಡೆದು ಆಕೆಯೂ ಹೋದರು. ಕೆಂಟಕಿಯ ಮಿಡಲ್ಸ್‌ಬರೋ ಊರಿನ ಬಂಧುಗಳು, ವರಸೆಯಲ್ಲಿ ಚಿಕ್ಕಪ್ಪ ಚಿಕ್ಕಮ್ಮ, ಮಗುವನ್ನು ದತ್ತು ತೆಗೆದುಕೊಂಡು ಬೆಳೆಸಿದರು. ಅಪ್ಪಲೇಷಿಯನ್ ಬೆಟ್ಟಸಾಲಿನ ನಡುವಿನ ಪುಟ್ಟ ಊರದು. ಅಂಥ ಊರಿನಲ್ಲಿ ಮೈಕಟ್ಟು ಚೆನ್ನಾಗಿದ್ದ ಹುಡುಗನಿಗೆ ಕಾಣುತ್ತಿದ್ದ ದಾರಿ ಅಮೆರಿಕನ್ ಫುಟ್‌ಬಾಲ್.

ಆಟ ಚೆನ್ನಾಗಿತ್ತು. ಅದರ ಬಲದ ಮೇಲೆಯೇ ಇಂಡಿಯಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಸಿಕ್ಕಿತು. ಆಮೇಲೆ ಕೆಂಟಕಿಗೆ ಮರಳಿ ರಿಚ್‌ಮಂಡ್‌ನಲ್ಲಿದ್ದ ಈಸ್ಟರ್ನ್ ಕೆಂಟಕಿ ಕಾಲೇಜಿಗೆ ಸೇರಿದರು. ಅಲ್ಲಿ ಆಡುವಾಗ ಬೆನ್ನಿಗೆ ಪೆಟ್ಟು ಬಿತ್ತು. ಎರಡು ವಾರ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಇಪ್ಪತ್ತರ ಹುಡುಗ, ಊರಿಗೇ ಗಟ್ಟಿಗ ಎನಿಸಿಕೊಂಡವನು, ಚಾವಣಿ ನೋಡುತ್ತ ಅಲುಗಾಡದೆ ಮಲಗಿದ್ದ. ಮುಂದೆ ‘ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್’ನ ನಾಯಕ ಸ್ಟೀವ್ ಆಸ್ಟಿನ್ ಪಾತ್ರದಲ್ಲಿ ಅವರು ಹಾಸಿಗೆಯ ಮೇಲೆ ಮಲಗಿ ತನ್ನದೇ ಕಾಲುಗಳನ್ನು ನೋಡಿಕೊಳ್ಳುವ ದೃಶ್ಯ ಬಂದಾಗಲೆಲ್ಲ ನನಗೆ ಆ ಎರಡು ವಾರ ನೆನಪಾಗುತ್ತದೆ. ನಟನೆ ಕಲಿಸುವ ಯಾವ ಶಾಲೆಯಲ್ಲೂ ಸಿಗದ ಪಾಠ ಅದು.

ಕೈಕಾಲು ಮರಳಿ ಬಂದವು, ಫುಟ್‌ಬಾಲ್ ಮರಳಲಿಲ್ಲ. ಹತ್ತಿರದ ಡ್ಯಾನ್‌ವಿಲ್‌ನಲ್ಲಿದ್ದ ಪಯನೀರ್ ಪ್ಲೇಹೌಸ್ ಎಂಬ ರಂಗಮಂದಿರದಲ್ಲಿ ಬಣ್ಣ ಹಚ್ಚಿದರು. 1962ರಲ್ಲಿ ಪದವಿ ಮುಗಿಸಿ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ಹಿಡಿದದ್ದು ನಾರ್ತ್ ಹಾಲಿವುಡ್‌ನ ಸಾರ್ವಜನಿಕ ಉದ್ಯಾನದಲ್ಲಿ ಆಟೋಟಗಳ ಉಸ್ತುವಾರಿ. ಸಿನಿಮಾ ಮಂದಿಯ ಪರಿಚಯವಾದದ್ದೂ ಆ ಮೈದಾನದಲ್ಲೇ. ಹಿಂದೆ ನಟ ಜೇಮ್ಸ್ ಡೀನ್‌ಗೆ ಏಜೆಂಟ್ ಆಗಿದ್ದ ಡಿಕ್ ಕ್ಲೇಟನ್ ಇವರನ್ನು ತಮ್ಮ ಕೈಗೆ ತೆಗೆದುಕೊಂಡರು. ಹೊಸ ಹೆಸರು ಬೇಕಾಯಿತು. ತಾವು ಮೆಚ್ಚುತ್ತಿದ್ದ ಟೆನೆಸಿಯ ಫುಟ್‌ಬಾಲ್ ಆಟಗಾರ ಜಾನಿ ಮೇಜರ್ಸ್ ಅವರ ಹೆಸರಿನ ಅರ್ಧವನ್ನು ಇಟ್ಟುಕೊಂಡರು. ಆಡಲಾಗದೆ ಹೋದ ಆಟವನ್ನು ಹೆಸರಲ್ಲಾದರೂ ಜೊತೆಗೆ ಒಯ್ದರು.

1965ರಲ್ಲಿ ‘ದಿ ಬಿಗ್ ವ್ಯಾಲಿ’ ಎಂಬ ವೆಸ್ಟರ್ನ್ ಧಾರಾವಾಹಿಯ ಆಯ್ಕೆಗೆ ನಾನೂರಕ್ಕೂ ಹೆಚ್ಚು ನಟರು ಬಂದಿದ್ದರು. ಹೆಚ್ಚುಕಡಿಮೆ ಅನುಭವವೇ ಇಲ್ಲದ ಲೀ ಮೇಜರ್ಸ್‌ಗೆ ಹೀತ್ ಬಾರ್ಕ್ಲಿ ಪಾತ್ರ ಸಿಕ್ಕಿತು. ಹೀತ್ ಅಂದರೆ, ಸತ್ತುಹೋದ ದೊಡ್ಡ ಜಮೀನ್ದಾರನಿಗೆ ಮದುವೆಯಾಚೆ ಹುಟ್ಟಿದ ಮಗ. ತನಗೂ ಈ ಮನೆಯಲ್ಲಿ ಜಾಗವಿದೆ ಎಂದು ಬಂದು ಹೊಸ್ತಿಲಲ್ಲಿ ನಿಲ್ಲುವವನು. ಹೆತ್ತವರಿಲ್ಲದೆ ಬೆಳೆದ ಹುಡುಗನಿಗೆ ಮೊದಲ ದೊಡ್ಡ ಪಾತ್ರವಾಗಿ ಒದಗಿದ್ದು ಇದು. ಮನೆಯ ಯಜಮಾನಿಯಾಗಿ ಬಾರ್ಬರಾ ಸ್ಟಾನ್ವಿಕ್. ಮೂಕಿ ಚಿತ್ರಗಳ ಕೊನೆಗಾಲದಿಂದ ನಟಿಸಿಕೊಂಡು ಬಂದಿದ್ದ ಆಕೆ ಈ ಪಾತ್ರಕ್ಕೆ 1966ರಲ್ಲಿ ಟೀವಿಯವರ ಎಮ್ಮಿ ಪ್ರಶಸ್ತಿ ಪಡೆದರು. ಅಂಥವರ ಎದುರು ನಾಲ್ಕು ವರ್ಷ, ನೂರಕ್ಕೂ ಹೆಚ್ಚು ಕಂತು.

ಮೇಜರ್ಸ್ ನಟನೆಯ ಬಗ್ಗೆ ಒಂದು ಹಳೆಯ ದೂರಿದೆ: ಮುಖದಲ್ಲಿ ಭಾವವೇ ಇಲ್ಲ, ಮರದ ಹಾಗೆ ನಿಲ್ಲುತ್ತಾರೆ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಆ ಕಾಲದ ಟೀವಿ ಪೆಟ್ಟಿಗೆಯ ಪರದೆ ಎಷ್ಟಿತ್ತು? ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಷ್ಟು. ಅಷ್ಟು ಸಣ್ಣ ಚೌಕಟ್ಟಿನಲ್ಲಿ ವಾರವಾರವೂ ಮನೆಯೊಳಗೆ ಬರುವ ಮನುಷ್ಯ ಅಬ್ಬರಿಸಿದರೆ ಎರಡನೇ ತಿಂಗಳಿಗೆ ಸಾಕೆನಿಸುತ್ತದೆ. ಮೇಜರ್ಸ್ ಒಂದು ಹುಬ್ಬು ಏರಿಸುತ್ತಿದ್ದರು, ಮಾತು ಮುಗಿಸಿ ಒಂದು ಕ್ಷಣ ಹೆಚ್ಚೇ ಸುಮ್ಮನಿರುತ್ತಿದ್ದರು. ಇಡೀ ವರ್ಷ ನೋಡಿದರೂ ದಣಿವಾಗದ ನಟನೆ ಅದು. ಕಿರುತೆರೆಗೆ ಬೇಕಾದದ್ದು ಅದೇ. ಬೆಳ್ಳಿತೆರೆಗೆ ಅದು ಸಾಲಲಿಲ್ಲ ಎನ್ನುವುದೂ ನಿಜ. ‘ಮಿಡ್‌ನೈಟ್ ಕೌಬಾಯ್’ ಚಿತ್ರದ ಅವಕಾಶ ಬಂದಿದ್ದಾಗ ಬಿಗ್ ವ್ಯಾಲಿ ಇನ್ನೂ ಒಂದು ವರ್ಷ ಮುಂದುವರಿದ ಕಾರಣ ಬಿಡಬೇಕಾಯಿತು. ಆ ಪಾತ್ರ ಜಾನ್ ವಾಯ್ಟ್ ಪಾಲಾಯಿತು, ಚಿತ್ರ ಆಸ್ಕರ್ ಗೆದ್ದಿತು. ಇತ್ತ ಬಿಗ್ ವ್ಯಾಲಿ 1969ರಲ್ಲಿ ನಿಂತೇಹೋಯಿತು.

ನಡುವಿನ ಒಂದೆರಡು ಧಾರಾವಾಹಿಗಳನ್ನು ದಾಟಿ 1973ಕ್ಕೆ ಬರುತ್ತೇನೆ. ಮಾರ್ಟಿನ್ ಕೇಡಿನ್ ಅವರ ‘ಸೈಬಾರ್ಗ್’ ಕಾದಂಬರಿಯನ್ನು ಆಧರಿಸಿ ಆ ವರ್ಷ ಟೀವಿಗೆಂದೇ ಒಂದು ಚಿತ್ರ ತಯಾರಾಯಿತು. 1974ರ ಜನವರಿಯಲ್ಲಿ ಅದು ವಾರದ ಧಾರಾವಾಹಿಯಾಯಿತು. ಕಥೆ ಬಹಳ ಸರಳ. ಗಗನಯಾತ್ರಿ ಸ್ಟೀವ್ ಆಸ್ಟಿನ್ ವಿಮಾನ ಅಪಘಾತದಲ್ಲಿ ಎರಡೂ ಕಾಲು, ಬಲಗೈ, ಎಡಗಣ್ಣು ಕಳೆದುಕೊಳ್ಳುತ್ತಾನೆ. ಸರ್ಕಾರ ಅರುವತ್ತು ಲಕ್ಷ ಡಾಲರ್ ಸುರಿದು ಯಂತ್ರದ ಅಂಗಗಳನ್ನು ಜೋಡಿಸುತ್ತದೆ. ಬದಲಿಗೆ ಅವನು ಗುಪ್ತಚರ ಇಲಾಖೆಯ ಕೆಲಸ ಮಾಡಿಕೊಡಬೇಕು. ಅವನ ಮೇಲಧಿಕಾರಿ ಆಸ್ಕರ್ ಗೋಲ್ಡ್‌ಮನ್ ಆಗಿ ರಿಚರ್ಡ್ ಆಂಡರ್ಸನ್.

ಈಗ ಸ್ವಲ್ಪ ನಿಧಾನವಾಗಿ, ಹತ್ತಿರದಿಂದ ನೋಡೋಣ. ಗಂಟೆಗೆ 60 ಮೈಲಿ ಓಡುವ ಮನುಷ್ಯನನ್ನು ತೋರಿಸುವುದು ಹೇಗೆ? ಕಂಪ್ಯೂಟರ್ ಇಲ್ಲದ ಕಾಲ. ವಾರಕ್ಕೊಂದು ಕಂತು ಕೊಡಬೇಕು. ಫಿಲ್ಮನ್ನು ವೇಗವಾಗಿ ಓಡಿಸಿದರೆ ಮೂಕಿ ಕಾಲದ ಹಾಸ್ಯಚಿತ್ರದಂತೆ ಕೈಕಾಲು ಪಟಪಟನೆ ಬಡಿದು ನಗು ಬರುತ್ತದೆ. ಹಾಗಾಗಿ ಅವರು ಉಲ್ಟಾ ಹೋದರು. ಫಿಲ್ಮ್ ಪರದೆಯ ಮೇಲೆ ಓಡುವುದು ಸೆಕೆಂಡಿಗೆ 24 ಚೌಕಟ್ಟು. ತೆಗೆಯುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಚೌಕಟ್ಟು ತೆಗೆದರೆ ತೋರಿಸುವಾಗ ಕಾಲ ಹಿಗ್ಗುತ್ತದೆ. ಅತಿ ವೇಗದ ಓಟವನ್ನು ಅತಿ ನಿಧಾನವಾಗಿ ತೋರಿಸಿದರು! ಕಾಲು ನೆಲಕ್ಕೆ ಊರುವುದು, ತೊಡೆಯ ಸ್ನಾಯು ಅದುರುವುದು, ಉಸಿರಿಗೆ ಕೆನ್ನೆ ಉಬ್ಬುವುದು ಎಲ್ಲ ಕಾಣುತ್ತದೆ. ಜೊತೆಗೆ ತಂತಿ ಮಿಡಿದಂಥ ಆ ಲೋಹದ ಸದ್ದು. ನಿಧಾನವೆಂದರೆ ವೇಗ ಎಂದು ನಮ್ಮ ಕಣ್ಣು ಒಪ್ಪಿಕೊಂಡುಬಿಟ್ಟಿತು. ಇದು ನಡೆದದ್ದು ಓಡುತ್ತಿದ್ದವನು ನಿಜವಾದ ಆಟಗಾರ ಆಗಿದ್ದರಿಂದ. ಸ್ಲೋ ಮೋಷನ್ ಕಳ್ಳ ಓಟವನ್ನು ಒಂದೇ ಏಟಿಗೆ ಬಯಲು ಮಾಡುತ್ತದೆ. ಮೇಜರ್ಸ್ ಓಟದಲ್ಲಿ ಕಳ್ಳತನವಿಲ್ಲ. ಮುಷ್ಟಿ ಬಿಗಿಯಾಗಿಲ್ಲ, ಭುಜ ಸಡಿಲ, ತಲೆ ಅಲುಗುವುದಿಲ್ಲ. ಕೆಂಟಕಿಯ ಮೈದಾನದಲ್ಲಿ ಕಲಿತ ಓಟ ಅದು.

ಹಾರುವುದರ ಗುಟ್ಟು ಬೇರೆ. ಸ್ಟೀವ್ ಆಸ್ಟಿನ್ ನೆಲದಿಂದ ಎರಡನೇ ಮಹಡಿಯ ತಾರಸಿಗೆ ಒಂದೇ ನೆಗೆತಕ್ಕೆ ಹಾರುತ್ತಾನೆ. ಮನುಷ್ಯಮಾತ್ರನಿಂದ ಆಗದ ಕೆಲಸ. ಹಾಗಾಗಿ ಡ್ಯೂಪ್ ಒಬ್ಬರು ಅದೇ ಬಟ್ಟೆ ತೊಟ್ಟು ತಾರಸಿಯ ಅಂಚಿನಲ್ಲಿ ನಿಲ್ಲುತ್ತಿದ್ದರು, ಬೆನ್ನು ಬಯಲಿನ ಕಡೆಗೆ. ಹಿಂದಕ್ಕೆ ನೆಗೆಯುತ್ತಿದ್ದರು. ತಾವು ಎಲ್ಲಿ ಬೀಳುತ್ತೇವೆಂದು ನೋಡುವ ಹಾಗಿಲ್ಲ, ಮೈ ನೆಟ್ಟಗಿರಬೇಕು, ಕೈ ಬಡಿಯಬಾರದು. ಕೆಳಗೆ ಗಾಳಿಯ ಚೀಲವೋ ಮೆತ್ತೆಯೋ ಇರುತ್ತದೆ, ಅದು ಚೌಕಟ್ಟಿನಲ್ಲಿ ಬರುವ ಮೊದಲೇ ಕಟ್. ಆ ಫಿಲ್ಮನ್ನು ಹಿಮ್ಮುಖವಾಗಿ ಓಡಿಸಿದರೆ ಬಿದ್ದವರು ಏಳುತ್ತಾರೆ. ಆ ಧಾರಾವಾಹಿಯಲ್ಲಿ ನಾಯಕ ಆಕಾಶಕ್ಕೆ ಚಿಮ್ಮಿದಾಗಲೆಲ್ಲ ಯಾರೋ ಒಬ್ಬರು ಬೆನ್ನು ಮಾಡಿ ಕೆಳಕ್ಕೆ ಬಿದ್ದಿದ್ದರು. ಮೇಜರ್ಸ್‌ಗೆ ಡ್ಯೂಪ್ ಆಗಿದ್ದವರಲ್ಲಿ ವಿನ್ಸ್ ಡೆಡ್‌ರಿಕ್ ಒಬ್ಬರು. ಇಂಥವರ ಹೆಸರನ್ನು ಜೋರಾಗಿ ಹೇಳುವುದು ನನಗೆ ಮುಖ್ಯ.

ಧಾರಾವಾಹಿ ಐದು ಸೀಸನ್ ನಡೆಯಿತು, 1978ರವರೆಗೆ. 1975ರಲ್ಲಿ ಲಿಂಡ್ಸೆ ವಾಗ್ನರ್ ನಟಿಸಿದ, ಯಂತ್ರದ ಅಂಗಗಳುಳ್ಳ ಜೇಮಿ ಸಾಮರ್ಸ್ ಎಂಬ ಪಾತ್ರವನ್ನು ತಂದು, ಎರಡನೇ ಕಂತಿನಲ್ಲೇ ಸಾಯಿಸಿದರು. ಪ್ರೇಕ್ಷಕರು ಬಿಡಲಿಲ್ಲ. ಪಾತ್ರವನ್ನು ಮತ್ತೆ ಬದುಕಿಸಬೇಕಾಯಿತು. 1976ರಲ್ಲಿ ‘ದಿ ಬಯೋನಿಕ್ ವುಮನ್’ ಎಂಬ ಬೇರೆಯದೇ ಧಾರಾವಾಹಿ ಹುಟ್ಟಿತು. ಅದೇ ವರ್ಷ ಕುಸ್ತಿಪಟು ಆಂಡ್ರೆ ದಿ ಜೈಂಟ್ ಮೈತುಂಬ ಕೂದಲಿನ ಬಿಗ್‌ಫುಟ್ ಆಗಿ ಬಂದು ಸ್ಟೀವ್ ಆಸ್ಟಿನ್ ಜೊತೆ ಸೆಣಸಿದರು. ಕೆನರ್ ಎಂಬ ಆಟಿಕೆ ಕಂಪನಿ ಮಾಡಿದ ಸ್ಟೀವ್ ಆಸ್ಟಿನ್ ಗೊಂಬೆಯನ್ನು ನೋಡಬೇಕು ನೀವು. ಒಂದು ಅಡಿಗೂ ಎತ್ತರ, ಕೆಂಪು ಟ್ರ್ಯಾಕ್ ಸೂಟು. ಬಲಗೈಯ ರಬ್ಬರ್ ಚರ್ಮವನ್ನು ಅಂಗಿಯ ತೋಳಿನ ಹಾಗೆ ಮೇಲಕ್ಕೆ ಸುತ್ತಿದರೆ ಒಳಗೆ ಯಂತ್ರದ ಬಿಡಿಭಾಗಗಳು. ತಲೆಯ ಹಿಂದೆ ಒಂದು ತೂತು, ಅದರಲ್ಲಿ ಕಣ್ಣಿಟ್ಟರೆ ಗೊಂಬೆಯ ಎಡಗಣ್ಣಿನಿಂದ ಲೋಕ ನೋಡಬಹುದು. ಮುರಿದ ಮೈಯೂ ಒಂದು ಶಕ್ತಿ ಎಂದು ಮಗುವಿನ ಕೈಗೆ ಕೊಟ್ಟ ಆಟಿಕೆ ಅದು. ಕೃತಕ ಕೈ, ಕೃತಕ ಕಾಲು ಹಾಕಿಕೊಳ್ಳುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಮೇಜರ್ಸ್ ಅವರ ಮದುವೆಯ ಬಗ್ಗೆ ಪತ್ರಿಕೆಗಳು ಬರೆದಷ್ಟು ನಾನು ಹೇಳಲಾರೆ. 1973ರಲ್ಲಿ ನಟಿ ಫರಾ ಫಾಸೆಟ್ ಅವರನ್ನು ಮದುವೆಯಾದರು. 1976ರಲ್ಲಿ ‘ಚಾರ್ಲೀಸ್ ಏಂಜಲ್ಸ್’ ಶುರುವಾದಾಗ ಆಕೆಯ ಹೆಸರು ಪರದೆಯ ಮೇಲೆ ಫರಾ ಫಾಸೆಟ್-ಮೇಜರ್ಸ್ ಎಂದೇ ಬರುತ್ತಿತ್ತು. ಒಂದೇ ಮನೆಯ ಇಬ್ಬರು ಒಂದೇ ವಾಹಿನಿಯ ಬೇರೆ ಬೇರೆ ಧಾರಾವಾಹಿಗಳನ್ನು ಹೊತ್ತಿದ್ದರು. ಬೆಳಗಿನ ಜಾವ ಎದ್ದು ಹೋಗಿ ರಾತ್ರಿ ಬರುವ ಬದುಕು. 1979ರಲ್ಲಿ ಬೇರೆಯಾದರು, 1982ರಲ್ಲಿ ವಿಚ್ಛೇದನವಾಯಿತು.

ಈಗ ಈ ಉಪನ್ಯಾಸದಲ್ಲಿ ನನಗೆ ಹೇಳಲು ಎಲ್ಲಕ್ಕಿಂತ ಕಷ್ಟವಾದ ಭಾಗ.

ಟೀವಿ ಮುಗಿಸಿ ಮೇಜರ್ಸ್ ಸಿನಿಮಾದ ಕಡೆ ಹೊರಳಿದ ಸಮಯ. ‘ಸ್ಟೀಲ್’ ಎಂಬ ಚಿತ್ರದ ನಾಯಕ ಅವರು. ಗಗನಚುಂಬಿ ಕಟ್ಟಡಕ್ಕೆ ಉಕ್ಕಿನ ತೊಲೆ ಜೋಡಿಸುವ ಕೆಲಸಗಾರರ ಕಥೆ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಆಗಿನ್ನೂ ಕಟ್ಟುತ್ತಿದ್ದ ಕಿನ್‌ಕೇಡ್ ಟವರ್ಸ್‌ನಲ್ಲಿ ಚಿತ್ರೀಕರಣ. ಮೇಜರ್ಸ್ ಬೆನ್ನಿಗೆ ಪೆಟ್ಟು ತಿಂದ ಕಾಲೇಜಿಗೂ ಆ ಕಟ್ಟಡಕ್ಕೂ 25 ಮೈಲಿ ಆಸುಪಾಸಿನ ದೂರ. ನಟ ಜಾರ್ಜ್ ಕೆನಡಿ ಅವರ ಪಾತ್ರ ಕಟ್ಟಡದ ಮೇಲಿಂದ ಬೀಳುವ ದೃಶ್ಯಕ್ಕೆ ಡ್ಯೂಪ್ ಆಗಿ ಬಂದವರು ಎ.ಜೆ. ಬಕುನಸ್. ಎತ್ತರದಿಂದ ಬೀಳುವುದರಲ್ಲಿ ಹೆಸರು ಮಾಡಿದ್ದ ತರುಣ. 1978ರ ಸೆಪ್ಟೆಂಬರ್. 315 ಅಡಿ ಎತ್ತರದಿಂದ ನೆಗೆದರು. ಗುರಿ ತಪ್ಪಲಿಲ್ಲ, ಬೀಳಬೇಕಾದಲ್ಲೇ ಬಿದ್ದರು. ಗಾಳಿಯ ಚೀಲ ಹರಿದುಹೋಯಿತು. ಅವರು ಉಳಿಯಲಿಲ್ಲ. ವಯಸ್ಸು 27.

ಗಾಳಿಯ ಚೀಲದ ಕೆಲಸ ಏನು? ಬಿದ್ದವರ ಭಾರಕ್ಕೆ ಒಳಗಿನ ಗಾಳಿ ಪಕ್ಕದ ಕಿಂಡಿಗಳಿಂದ ಹದವಾಗಿ ಹೊರಗೆ ಹೋಗಬೇಕು. ಕಿಂಡಿ ಸಣ್ಣದಾದರೆ ಚೀಲ ಚೆಂಡಿನ ಹಾಗೆ ಎತ್ತಿ ಎಸೆಯುತ್ತದೆ. ಬಟ್ಟೆಯೇ ಹರಿದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಅಡಿಯಲ್ಲಿ ನೆಲ ಮಾತ್ರ. ನುರಿತವರ ಜಾಣ್ಮೆ, ಧೈರ್ಯ, ಲೆಕ್ಕ ಎಲ್ಲ ಸರಿಯಿದ್ದೂ ಒಂದು ಹೊಲಿಗೆಯ ಮೇಲೆ ಜೀವ ನಿಂತಿರುತ್ತದೆ. ಈ ಮಾತು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ಮೂರು ವರ್ಷದ ನಂತರ, 1981ರಲ್ಲಿ, ಮೇಜರ್ಸ್ ಮತ್ತೆ ಎಬಿಸಿಗೆ ಬಂದರು. ಈ ಬಾರಿ ಗಗನಯಾತ್ರಿಯಲ್ಲ, ಕೌಬಾಯ್ ಅಲ್ಲ. ‘ದಿ ಫಾಲ್ ಗೈ’ ಧಾರಾವಾಹಿಯ ಕೋಲ್ಟ್ ಸೀವರ್ಸ್ ಒಬ್ಬ ಸ್ಟಂಟ್‌ಮ್ಯಾನ್. ಸಿನಿಮಾದಲ್ಲಿ ಬೀಳುವ ಕೆಲಸದಿಂದ ಮನೆ ನಡೆಯದೆ, ಜಾಮೀನು ಪಡೆದು ತಲೆತಪ್ಪಿಸಿಕೊಂಡವರನ್ನು ಹಿಡಿದು ತರುವ ಕೆಲಸವನ್ನೂ ಮಾಡುವವನು. ಆವರೆಗೆ ಡ್ಯೂಪ್ ಎಂದರೆ ಮುಖ ಕಾಣಬಾರದ ಮನುಷ್ಯ. ಮುಖ ಕಂಡರೆ ಆ ಶಾಟ್ ವ್ಯರ್ಥ. ಆ ಮನುಷ್ಯನಿಗೆ ಮೇಜರ್ಸ್ ತಮ್ಮ ಮುಖ ಕೊಟ್ಟರು, ದನಿಯನ್ನೂ ಕೊಟ್ಟರು. ಟೈಟಲ್ ಹಾಡನ್ನು ಹಾಡಿದ್ದು ಅವರೇ. ಹೆಸರಿಲ್ಲದ ಸ್ಟಂಟ್‌ಮ್ಯಾನ್ ಬಿದ್ದು ಎದ್ದು ಮೈ ನೋಯಿಸಿಕೊಳ್ಳುತ್ತಾನೆ, ನಾಯಕಿ ಮಾತ್ರ ನಾಯಕನ ಪಾಲಿಗೆ ಹೋಗುತ್ತಾಳೆ ಎಂಬ ಧಾಟಿಯ ಹಾಡು. ತರಬೇತಿಯಿಲ್ಲದ ದಪ್ಪ ಕಂಠ. ಆ ಹಾಡಿಗೆ ಅದಕ್ಕಿಂತ ಒಳ್ಳೆಯ ಕಂಠ ಬೇಕಿರಲಿಲ್ಲ.

ಆ ಧಾರಾವಾಹಿಯ ಇನ್ನೊಬ್ಬ ನಟ ಎಂದರೆ ಕಂದು ಮತ್ತು ಬಂಗಾರ ಬಣ್ಣದ ಜಿಎಂಸಿ ಪಿಕಪ್ ಟ್ರಕ್. ಕಂತು ಕಂತಿಗೂ ಅದು ಗಾಳಿಯಲ್ಲಿ ಹಾರಬೇಕು. ಎಂಜಿನ್ ಮುಂದೆ, ಹಿಂದೆ ಖಾಲಿ ತೊಟ್ಟಿ, ಹಾಗಾಗಿ ಹಾರಿದ ಟ್ರಕ್ ಮೂಗು ಕೆಳಗೆ ಮಾಡಿ ಅಪ್ಪಳಿಸುತ್ತದೆ. ಚಾಸಿ ಬಾಗಿ ಒಂದರ ಹಿಂದೊಂದು ಟ್ರಕ್ ಗುಜರಿ ಸೇರಿದವು. ಕೊನೆಗೆ ಎಂಜಿನನ್ನು ನಡುಭಾಗಕ್ಕೆ ತಂದು ತೂಕ ಸರಿದೂಗಿಸಿದ ಟ್ರಕ್ಕನ್ನು ಹಾರುವುದಕ್ಕೆಂದೇ ಮಾಡಿಸಿದರು. ಇದನ್ನು ಯೋಚಿಸಿದಾಗ ಒಂದು ಸಂಗತಿ ನನ್ನನ್ನು ಚುಚ್ಚುತ್ತದೆ. ಟ್ರಕ್ಕಿನ ಬೆನ್ನು ಮುರಿಯುತ್ತಿದ್ದ ಆ ಏಟುಗಳ ಹೊತ್ತಿನಲ್ಲಿ ಸ್ಟಿಯರಿಂಗ್ ಹಿಡಿದು ಒಳಗೆ ಕೂತಿದ್ದದ್ದು ಮನುಷ್ಯರು.

ಫಾಲ್ ಗೈ 1986ರವರೆಗೆ ನಡೆಯಿತು. ಮೂರು ದೊಡ್ಡ ಧಾರಾವಾಹಿ, ಒಂದೊಂದೂ ಹೆಚ್ಚುಕಡಿಮೆ ನೂರು ಕಂತು. ಇಪ್ಪತ್ತು ವರ್ಷದ ಅವಧಿಯಲ್ಲಿ ಒಬ್ಬನೇ ನಟ ಮೂರು ಬಾರಿ ಹೀಗೆ ನೆಲೆಯೂರುವುದು ಅಪರೂಪ. 1984ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ನಕ್ಷತ್ರ ಸಿಕ್ಕಿತು. ಆಮೇಲಿನದು ಅತಿಥಿ ಪಾತ್ರಗಳ, ಸಣ್ಣ ಚಿತ್ರಗಳ ದೀರ್ಘ ಕಾಲ. ಎಪ್ಪತ್ತೇಳು ದಾಟಿದ ಮೇಲೂ ‘ಆ್ಯಶ್ ವರ್ಸಸ್ ಈವಿಲ್ ಡೆಡ್’ ಧಾರಾವಾಹಿಯಲ್ಲಿ ನಾಯಕನ ಒರಟು ತಂದೆಯಾಗಿ ಬಂದು ಹೊಸ ಪೀಳಿಗೆಯ ಮೆಚ್ಚುಗೆ ಗಳಿಸಿದರು.

2024ರಲ್ಲಿ ‘ದಿ ಫಾಲ್ ಗೈ’ ಸಿನಿಮಾ ಆಯಿತು. ನಿರ್ದೇಶಕ ಡೇವಿಡ್ ಲೀಚ್, ಸ್ವತಃ ಸ್ಟಂಟ್‌ಮ್ಯಾನ್ ಆಗಿ ಬದುಕು ಕಟ್ಟಿಕೊಂಡವರು. ರಯಾನ್ ಗೋಸ್ಲಿಂಗ್ ಹೊಸ ಕೋಲ್ಟ್ ಸೀವರ್ಸ್. ಚಿತ್ರದ ಶುರುವಿನಲ್ಲೇ ಅವನು ಎತ್ತರದಿಂದ ಬಿದ್ದು ಬೆನ್ನು ಮುರಿದುಕೊಳ್ಳುತ್ತಾನೆ. ಹಳೆಯ ಕೋಲ್ಟ್‌ಗೆ ಮುಖ ಕೊಟ್ಟವರು ಇಪ್ಪತ್ತರ ಹರೆಯದಲ್ಲಿ ಬೆನ್ನಿನ ಪೆಟ್ಟಿನಿಂದ ಮಲಗಿದ್ದು ನಿಮಗೆ ನೆನಪಿರಬೇಕು. ಅದೇ ಚಿತ್ರಕ್ಕಾಗಿ ಸ್ಟಂಟ್ ಚಾಲಕ ಲೋಗನ್ ಹಾಲಿಡೇ ಕಾರನ್ನು ಎಂಟೂವರೆ ಸುತ್ತು ಉರುಳಿಸಿ ಗಿನ್ನೆಸ್ ದಾಖಲೆ ಮಾಡಿದರು. ಕೊನೆಯಲ್ಲಿ ಪೊಲೀಸ್ ಸಮವಸ್ತ್ರದಲ್ಲಿ ಮೇಜರ್ಸ್ ಒಂದೆರಡು ಕ್ಷಣ ಬಂದುಹೋಗುತ್ತಾರೆ, ಪಕ್ಕದಲ್ಲಿ ಹಳೆಯ ಧಾರಾವಾಹಿಯ ಸಹನಟಿ ಹೆದರ್ ಥಾಮಸ್. ಚಿತ್ರ ತೆರೆಕಂಡಾಗ ಮೇಜರ್ಸ್‌ಗೆ ಎಂಬತ್ತೈದು.

ಅಮೆರಿಕದ ಟೀವಿ ಅಕಾಡೆಮಿ 2002ರಿಂದ ಸ್ಟಂಟ್ ಸಂಯೋಜನೆಗೆ ಎಮ್ಮಿ ಕೊಡುತ್ತಿದೆ. ಸಿನಿಮಾದವರು ತಡ ಮಾಡಿದರು. ಸ್ಟಂಟ್ ವಿನ್ಯಾಸಕ್ಕೂ ಆಸ್ಕರ್ ಕೊಡುವುದಾಗಿ ಅವರ ಅಕಾಡೆಮಿ ಘೋಷಿಸಿದ್ದು 2025ರ ಏಪ್ರಿಲ್‌ನಲ್ಲಿ. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಅದು ಜಾರಿಗೆ ಬರುತ್ತದೆ. ಬಕುನಸ್ ಬಿದ್ದು ಅಷ್ಟು ಹೊತ್ತಿಗೆ ಐವತ್ತು ವರ್ಷವಾಗುತ್ತ ಬಂದಿರುತ್ತದೆ.

ದೀಪ ಆರಿಸಿ, ಇನ್ನು ಸ್ಟೀವ್ ಆಸ್ಟಿನ್‌ನ ಆ ನೆಗೆತದ ತುಣುಕು ನೋಡೋಣ. ಒಂದು ಸೂಚನೆ ಮಾತ್ರ. ಮೇಲಕ್ಕೆ ರಭಸದಿಂದ ಹೋಗುವವರ ತಲೆಗೂದಲು ಗಾಳಿಯ ಒತ್ತಡಕ್ಕೆ ಕೆಳಗೆ ಒರಗಬೇಕು, ಅಂಗಿ ಮೈಗೆ ಅಂಟಬೇಕು. ಇಲ್ಲಿ ಹಾಗಾಗುವುದಿಲ್ಲ. ಮೈ ಮೇಲೇರುತ್ತಿದ್ದರೂ ಕೂದಲು ಮೇಲಕ್ಕೇ ಎದ್ದಿರುತ್ತದೆ, ಅಂಗಿಯ ತುದಿಯೂ ಮೇಲಕ್ಕೇ ಉಬ್ಬಿರುತ್ತದೆ. ಅಲ್ಲಿ, ಆ ಅಂಗಿಯೊಳಗೆ, ಬೀಳುತ್ತಿರುವವರು ಕಾಣುತ್ತಾರೆ.